ಪ್ರಯೋಗಾಲಯದಿಂದ ಓದುಗರೆಡೆಗೆ

ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಸಾಮಾನ್ಯವಾಗಿ ಎರಡೇ ದಾರಿಗಳು ಕಾಣುತ್ತವೆ: ಬೋಧನೆ, ಇಲ್ಲವೇ ಸಂಶೋಧನೆ. ವಿಜ್ಞಾನ ಸಂವಹನ ಮೂರನೆಯ ದಾರಿ. ಪತ್ರಿಕೆ, ಆಕಾಶವಾಣಿ, ವಿಜ್ಞಾನ ಕೇಂದ್ರ, ಸಂಶೋಧನಾ ಸಂಸ್ಥೆಗಳ ಪ್ರಕಟಣಾ ವಿಭಾಗ ಇವೆಲ್ಲ ಅದರ ಕ್ಷೇತ್ರಗಳು. ಆದರೆ ಪ್ರಯೋಗಾಲಯದಲ್ಲಿರುವ ವಿದ್ಯಾರ್ಥಿ ಅಲ್ಲಿಗೆ ಹೋಗುವುದು ಹೇಗೆ?

ಇದಕ್ಕೆಂದೇ ರೂಪುಗೊಂಡ ಎರಡು ಯೋಜನೆಗಳನ್ನು ನೋಡೋಣ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ‘ಅವಸರ್’ ಯೋಜನೆಯನ್ನು ಪ್ರಕಟಿಸಿತು. ಹಿಂದಿಯಲ್ಲಿ ಈ ಪದಕ್ಕೆ ಅವಕಾಶ ಎಂದರ್ಥ. ನಮ್ಮ ಅವಸರ ಅಲ್ಲ! ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವಂತೆ ಒಂದು ಲೇಖನ ಬರೆಯಬೇಕಿತ್ತು. ಆಯ್ದ ನೂರು ಲೇಖನಗಳಿಗೆ ತಲಾ 10,000 ರೂಪಾಯಿ, ಅತ್ಯುತ್ತಮ ಲೇಖನಕ್ಕೆ 1 ಲಕ್ಷ ರೂಪಾಯಿ ಬಹುಮಾನವನ್ನು ಅದು ಘೋಷಿಸಿತ್ತು.

ಅಮೆರಿಕದ ವಿಜ್ಞಾನ ಪ್ರಗತಿ ಸಂಘ 1970ರ ದಶಕದಲ್ಲಿ ಆರಂಭಿಸಿದ ಮಾಧ್ಯಮ ಫೆಲೋಶಿಪ್‌ನ ಕ್ರಮ ಬೇರೆ. ಅದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಬೇಸಿಗೆಯ ಹತ್ತು ವಾರ ಸುದ್ದಿಮನೆಯಲ್ಲಿ ವರದಿಗಾರರಾಗಿ ದುಡಿಯುತ್ತಾರೆ. ಮೊದಲನೆಯ ಯೋಜನೆ ಬರೆಯುವುದಕ್ಕೆ ಕಾರಣ ಒದಗಿಸಿದರೆ, ಎರಡನೆಯದು ಬರೆದದ್ದನ್ನು ಪ್ರಶ್ನಿಸುವ ಸಂಪಾದಕರನ್ನೂ ಒದಗಿಸುತ್ತದೆ. ಈ ಪ್ರಶ್ನೆಗಳೇ ನಿಜವಾದ ತರಬೇತಿ.

ಒಂದು ಉದಾಹರಣೆ ತೆಗೆದುಕೊಳ್ಳಿ. 1987ರಲ್ಲಿ ಪತ್ತೆಯಾದ, ಇಟ್ರಿಯಮ್, ಬೇರಿಯಮ್ ಮತ್ತು ತಾಮ್ರವಿರುವ ಆಕ್ಸೈಡ್ ಕುರಿತು ನೀವು ಸಂಶೋಧನೆ ಮಾಡುತ್ತಿದ್ದೀರಿ ಎನ್ನೋಣ. “ಇದು ಸುಮಾರು 92 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ” ಎಂದು ಬರೆಯುತ್ತೀರಿ. ಸಂಪಾದಕರು ಕೇಳುತ್ತಾರೆ: “ಆದರೇನಂತೆ? ಅದೂ ಕೊರೆಯುವ ಚಳಿಯೇ ಅಲ್ಲವೆ?” ಹೌದು, ಅದು ಮೈನಸ್ 181 ಡಿಗ್ರಿ ಸೆಲ್ಸಿಯಸ್. ಆದರೆ ದ್ರವ ನೈಟ್ರೊಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಆದ್ದರಿಂದ ಗಾಳಿಯಿಂದಲೇ ಪಡೆಯುವ ಈ ಅಗ್ಗದ ದ್ರವ ವಸ್ತುವನ್ನು ತಣಿಸಲು ಸಾಕು. ಸೀಸ, ನಯೋಬಿಯಮ್‌ಗಳಂಥ ಹಳೆಯ ಅತಿವಾಹಕಗಳಿಗೆ ಸುಮಾರು 4 ಕೆಲ್ವಿನ್‌ನಲ್ಲಿ ಕುದಿಯುವ ದುಬಾರಿ ದ್ರವ ಹೀಲಿಯಮ್ ಬೇಕಿತ್ತು. 92 ಎಂಬ ಸಂಖ್ಯೆಗೆ ಅರ್ಥ ಬಂದದ್ದು 77ರ ಪಕ್ಕದಲ್ಲಿಟ್ಟಾಗ. ಸಹಸಂಶೋಧಕರಿಗೆ ಹೇಳಬೇಕಿಲ್ಲದ ಈ ಹೋಲಿಕೆಯೇ ಓದುಗರಿಗೆ ಮುಖ್ಯವಾದ ಸಂಗತಿ.

ಯೋಜನೆಗಳ ನಿಯಮಗಳು ಬದಲಾಗುತ್ತವೆ; ಕೆಲವು ನಿಂತೂ ಹೋಗುತ್ತವೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ನೋಡಿ. ಆದರೆ ಅದಕ್ಕಾಗಿ ಕಾದು ಕೂರಬೇಡಿ. ಈ ವೃತ್ತಿಯಲ್ಲಿ ಅಂಕಪಟ್ಟಿಗಿಂತ ಹೆಚ್ಚು ಬೆಲೆ ಪ್ರಕಟವಾದ ಬರಹಗಳಿಗೆ. ಅಧ್ಯಾಪಕ ಮಿತ್ರರೇ, ನಿಮ್ಮ ವಿದ್ಯಾರ್ಥಿಗಳಿಂದ ಪ್ರಾಜೆಕ್ಟ್ ವರದಿಯ ಜೊತೆಗೆ ಒಂದು ಪುಟದ ಕನ್ನಡ ಬರಹವನ್ನೂ ಬರೆಸಿ. ಅದನ್ನು ಇತಿಹಾಸ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ. ಅವರು ಎಲ್ಲಿ ತಡೆದು “ಅಂದರೆ?” ಎಂದು ಕೇಳುತ್ತಾರೋ ಅಲ್ಲಿ ವಿದ್ಯಾರ್ಥಿ ಮತ್ತೆ ಬರೆಯಲಿ. ವಿಜ್ಞಾನ ಸಂವಹನದ ಮೊದಲ ಪಾಠ ಅದೇ.