ಮೋಟಾರುಪ್ರಿಯರ ಗೋಷ್ಠಿ

ಮೋಟಾರುಗಾಡಿಯು ಅರಸರ ವಸ್ತುವಾಗಿದ್ದ ಕಾಲವೊಂದಿತ್ತು. ನಮ್ಮ ಬೀದರ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ದಿನಗಳಲ್ಲಿ ನಿಜಾಮರ ಮನೆತನಕ್ಕಾಗಿ ನಿರ್ಮಿತವಾದ ೧೯೧೨ರ ರೋಲ್ಸ್ ರಾಯ್ಸ್ ಗಾಡಿಯನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಗೆ ಹೋದವರು ನೋಡಿರಬಹುದು. ಅದರಲ್ಲಿ ಅರಸನು ಕುಳಿತುಕೊಳ್ಳುವ ಆಸನವು ಸಿಂಹಾಸನವನ್ನೇ ಹೋಲುತ್ತದೆ. ಪ್ರಜೆಗಳ ಪಾಲಿಗೆ ಸರಕಾರಿ ಬಸ್ಸು ಬಂದದ್ದು ೧೯೩೨ರಲ್ಲಿ. ಆ ವರ್ಷ ನಿಜಾಮ ಸಂಸ್ಥಾನದ ರೈಲ್ವೆಯು ೨೭ ಬಸ್ಸುಗಳನ್ನೂ ೧೬೬ ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯ ಶಾಖೆಯೊಂದನ್ನು ತೆರೆಯಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆಯೂ ಬಹುಕಾಲ ಸ್ವಂತ ಕಾರೆಂಬುದು ವೈದ್ಯರು, ವಕೀಲರು, ದೊಡ್ಡ ವರ್ತಕರು ಮುಂತಾದವರ ಬಾಗಿಲಲ್ಲಿ ಮಾತ್ರ ಕಾಣುವಂತಹುದಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಎಂಬ ಸಣ್ಣ ಗಾಡಿಯು ಹೊರಬಿದ್ದಿತು. ಅಲ್ಲಿಂದೀಚೆಗೆ ಸಾಧಾರಣ ಗೃಹಸ್ಥನೂ ಕಾರು ಕೊಳ್ಳುವ ಯೋಚನೆಗೆ ಧೈರ್ಯಮಾಡಿದನು. ಇಂದು ಬೀದರಿಗೆ ಕೆಎ ೩೮ ಎಂದೂ ಭಾಲ್ಕಿಗೆ ಕೆಎ ೩೯ ಎಂದೂ ಪ್ರತ್ಯೇಕವಾದ ನೋಂದಣಿಯ ಅಂಕಗಳಿವೆಯೆಂದ ಮೇಲೆ ಗಾಡಿಗಳು ಎಷ್ಟು ಹೆಚ್ಚಿವೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ವಸ್ತುವು ಮನೆಗೆ ಬಂದ ಮೇಲೆ ಅದರ ಮೇಲೆ ಪ್ರೀತಿ ಹುಟ್ಟುವುದು ಸಹಜ. ನಮ್ಮ ಸೀಮೆಯವರಿಗೆ ಇದು ಹೊಸ ಸ್ವಭಾವವೇನೂ ಅಲ್ಲ. ದೇವಣಿ ತಳಿಯ ಹೋರಿಯ ಹಲ್ಲು, ಸುಳಿ, ಗೊರಸು, ನಡಿಗೆ ಇವುಗಳನ್ನು ಕುರಿತು ಜಾತ್ರೆಯಲ್ಲಿ ಹೊತ್ತು ಮುಳುಗುವವರೆಗೂ ವಾದಿಸಿದ ಹಿರಿಯರ ಮೊಮ್ಮಕ್ಕಳೇ ಈಗ ಎಂಜಿನು, ಗೇರು, ಟೈರು ಇವುಗಳನ್ನು ಕುರಿತು ವಾದಿಸುತ್ತಿದ್ದಾರೆ. ಸಂಸ್ಕೃತದಲ್ಲಿ 'ಗೋಷ್ಠ' ಎಂದರೆ ದನಗಳು ನಿಲ್ಲುವ ಹಟ್ಟಿ. ಆ ಶಬ್ದದಿಂದಲೇ 'ಗೋಷ್ಠಿ' ಎಂಬುದು ಹುಟ್ಟಿ, ಕಾಲಕ್ರಮದಲ್ಲಿ ಸಮಾನ ಅಭಿರುಚಿಯುಳ್ಳವರ ಸಭೆಯೆಂಬ ಅರ್ಥವನ್ನು ಪಡೆಯಿತು. ಆದುದರಿಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಚಹದ ಬಟ್ಟಲನ್ನು ಹಿಡಿದು ರವಿವಾರದ ಬೆಳಿಗ್ಗೆ ಮಾತಿಗೆ ನಿಲ್ಲುವ ತರುಣರ ಕೂಟವನ್ನು ಗೋಷ್ಠಿಯೆಂದು ಕರೆದರೆ ಶಬ್ದಶಾಸ್ತ್ರಕ್ಕೆ ಅಪಚಾರವಾಗಲಾರದು.

ಇಂತಹ ಗೋಷ್ಠಿಯು ಗೃಹಸ್ಥನಿಗೆ ಸಂಬಂಧಿಸಿದ ವಿಷಯವೇ ಎಂದು ಕೆಲವರು ಕೇಳಬಹುದು. ಮನೆ ಕಟ್ಟುವುದನ್ನೂ ಮದುವೆ ಮಾಡುವುದನ್ನೂ ಬಿಟ್ಟರೆ ಅನೇಕ ಸಂಸಾರಗಳಲ್ಲಿ ಅತಿ ದೊಡ್ಡ ಖರ್ಚು ಗಾಡಿಯದೇ. ಆ ಖರ್ಚಿನ ಮುನ್ನ ನಾವು ಯಾರ ಮಾತನ್ನು ಕೇಳುತ್ತೇವೆಯೋ ಅವರು ಇಂತಹ ಗೋಷ್ಠಿಯಲ್ಲಿಯೇ ಇರುತ್ತಾರೆ. ನಮ್ಮ ಮಕ್ಕಳು ಗಾಡಿಯನ್ನು ಹೇಗೆ ನಡೆಸಬೇಕೆಂಬುದನ್ನು ಕಲಿಯುವುದೂ ಅಲ್ಲಿಯೇ. ಹೀಗೆ ಹಣವೂ ಪ್ರಾಣವೂ ಎರಡೂ ಅದರ ಮಾತಿಗೆ ಗಂಟುಬಿದ್ದಿವೆ.

ಮೋಟಾರುಪ್ರಿಯರ ಸಂಘಗಳು ಜಗತ್ತಿನಲ್ಲಿ ಮೋಟಾರಿನಷ್ಟೇ ಹಳೆಯವು. ಕಾರ್ಲ್ ಬೆಂಜ್ ಎಂಬ ಜರ್ಮನ್ ಶಿಲ್ಪಿಯು ತನ್ನ ಗಾಡಿಗೆ ಹಕ್ಕುಪತ್ರವನ್ನು ಕೋರಿದ್ದು ೧೮೮೬ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ, ಅಂದರೆ ೧೮೯೫ರಲ್ಲಿ, ಪ್ಯಾರಿಸಿನಲ್ಲಿ ಸಂಘವು ಸ್ಥಾಪಿತವಾಯಿತು. ೧೮೯೭ರಲ್ಲಿ ಲಂಡನ್ನಿನಲ್ಲಿ ಮತ್ತೊಂದು ಹುಟ್ಟಿತು. ನಮ್ಮ ದೇಶದಲ್ಲಿ ೧೯೦೪ರಲ್ಲಿ ಬಂಗಾಳದವರೂ ೧೯೧೯ರಲ್ಲಿ ಮುಂಬಯಿಯವರೂ ಇಂತಹ ಸಂಘಗಳನ್ನು ಕಟ್ಟಿಕೊಂಡರು. ರಸ್ತೆಗಳು ಸುಧಾರಿಸಬೇಕು, ಪ್ರವಾಸಿಗೆ ದಾರಿ ತಿಳಿಯಬೇಕು, ಗಾಡಿ ಕೆಟ್ಟರೆ ನೆರವಾಗಬೇಕು ಎಂಬುದೇ ಇವುಗಳ ಉದ್ದೇಶವಾಗಿತ್ತು.

ಆದರೆ ಸಂಘಬಲವು ಎರಡಲಗಿನ ಕತ್ತಿ. ಇಂಗ್ಲೆಂಡಿನಲ್ಲಿ ೧೯೦೫ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘವು ಪ್ರಾರಂಭವಾದದ್ದೇ ಮಿತಿಮೀರಿದ ವೇಗವನ್ನು ಹಿಡಿಯಲು ಪೋಲೀಸರು ಹೊಂಚುಹಾಕಿದ ಸ್ಥಳಗಳನ್ನು ಸದಸ್ಯರಿಗೆ ಮುಂಚಿತವಾಗಿ ತಿಳಿಸುವುದಕ್ಕಾಗಿ. ಹೀಗೆ ಎಚ್ಚರಿಸುವುದು ಪೋಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ೧೯೦೯ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ಆಗ ಸಂಘದ ಕಾವಲುಗಾರರು ಮತ್ತೊಂದು ಉಪಾಯವನ್ನು ಹೂಡಿದರು. ಸದಸ್ಯನ ಗಾಡಿಯನ್ನು ಕಂಡಾಗಲೆಲ್ಲ ಅವರು ಸಲಾಮು ಮಾಡುವರು. ಸಲಾಮು ಮಾಡದಿದ್ದರೆ ಮುಂದೆ ಪೋಲೀಸರಿದ್ದಾರೆಂದು ತಿಳಿಯಬೇಕು. ಸಲಾಮು ಮಾಡಲಿಲ್ಲವೆಂದು ಯಾರನ್ನು ತಾನೇ ಶಿಕ್ಷಿಸಲಾದೀತು! ಜಾಣತನವೇನೋ ಸೊಗಸಾದುದೇ. ಆದರೂ ಅದೇ ಸಂಘವು ೧೯೦೬ರಿಂದ ದಾರಿಯ ಫಲಕಗಳನ್ನು ನೆಟ್ಟಿತು. ೧೯೧೨ರಿಂದ ರಸ್ತೆಯ ಬದಿಯಲ್ಲಿ ಕಾವಲುಗೂಡುಗಳನ್ನು ಇಟ್ಟಿತು. ಕೆಟ್ಟುನಿಂತವರ ಗಾಡಿಗಳನ್ನು ರಿಪೇರಿ ಮಾಡಿಸಿತು. ಜನರು ಇಂದು ಅದನ್ನು ಗೌರವಿಸುತ್ತಿರುವುದು ಈ ಸೇವೆಯ ಸಲುವಾಗಿಯೇ ಹೊರತು ಆ ಜಾಣತನದ ಸಲುವಾಗಿ ಅಲ್ಲ. ತನ್ನವರನ್ನು ಕಾಪಾಡುವುದಕ್ಕೂ ತನ್ನವರ ತಪ್ಪನ್ನು ಕಾಪಾಡುವುದಕ್ಕೂ ಇರುವ ಅಂತರವನ್ನು ಗೋಷ್ಠಿಯನ್ನು ನಡೆಸುವವರು ಮೊದಲು ಅರಿತುಕೊಳ್ಳಬೇಕು.

'ಯಂತ್ರ' ಎಂಬ ಶಬ್ದವು 'ಯಮ್' ಎಂಬ ಧಾತುವಿನಿಂದ ಬಂದುದು. ಆ ಧಾತುವಿಗೆ ಬಿಗಿಹಿಡಿಯುವುದು, ನಿಯಮಿಸುವುದು ಎಂದರ್ಥ. ಅಮರಕೋಶದಲ್ಲಿ ಸಾರಥಿಗೆ 'ಯಂತಾ' ಎಂಬ ಹೆಸರೂ ಇದೆ. ಓಡಿಸುವವನಿಗಿಂತ ಹಿಡಿದು ನಿಲ್ಲಿಸಬಲ್ಲವನೇ ಸಾರಥಿಯೆಂಬುದು ನಮ್ಮ ಪೂರ್ವಿಕರ ಅಭಿಪ್ರಾಯವಾಗಿದ್ದಂತೆ ತೋರುತ್ತದೆ. ಗೋಷ್ಠಿಯ ಧರ್ಮವೂ ಇದೇ. ಅದು ತನ್ನ ಸದಸ್ಯರಿಗೆ ಮೂರು ಕಟ್ಟುಗಳನ್ನು ಹಾಕತಕ್ಕದ್ದು.

ಮೊದಲನೆಯದು ನಾಲಗೆಯ ಕಟ್ಟು. ಅಂದರೆ ಸಲಹೆಯಲ್ಲಿ ಸತ್ಯ. ನಮ್ಮ ಜಿಲ್ಲೆಯು ಎರಡು ರಾಜ್ಯಗಳ ಗಡಿಯಲ್ಲಿರುವುದರಿಂದ ಹಳೆಯ ಗಾಡಿಗಳು ಹೈದರಾಬಾದು, ಲಾತೂರು, ನಾಂದೇಡ ಕಡೆಗಳಿಂದ ಧಾರಾಳವಾಗಿ ಬರುತ್ತವೆ. ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರು, ಹಾಸಿಗೆ ಹಿಡಿದ ತಾಯಿಯನ್ನು ಆಗಾಗ್ಗೆ ಬೀದರಿನ ಆಸ್ಪತ್ರೆಗೆ ಕರೆತರಬೇಕಾಗಿ ಬಂದುದರಿಂದ, ಅಂತಹ ಗಾಡಿಯೊಂದನ್ನು ಕೊಂಡರು. ಹಣ ಕೊಟ್ಟು ಎರಡು ತಿಂಗಳಾದ ಮೇಲೆ ಅದರ ಮೇಲೆ ಹಿಂದಿನ ಒಡೆಯನ ಸಾಲ ತೀರದೆ ನಿಂತಿರುವುದು ಗೊತ್ತಾಯಿತು. ಗಾಡಿಯು ಅವರ ಹೆಸರಿಗೆ ವರ್ಗವಾಗಲಿಲ್ಲ. ಕೊಟ್ಟ ಹಣವೂ ಪೂರ್ತಿಯಾಗಿ ಹಿಂತಿರುಗಲಿಲ್ಲ. ಅವರಿಗೆ ಇದಕ್ಕಿಂತಲೂ ಹೆಚ್ಚು ನೋವಾದ ಸಂಗತಿ ಮತ್ತೊಂದು. ಅವರು ಸಲಹೆ ಕೇಳಿದ ಕೂಟದಲ್ಲಿ ಇಬ್ಬರಿಗೆ ಆ ಗಾಡಿಯ ಚರಿತ್ರೆಯು ತಿಳಿದಿತ್ತು. ಮಾರುವವನು ಪರಿಚಿತನೆಂಬ ದಾಕ್ಷಿಣ್ಯದಿಂದ ಅವರು ಬಾಯಿ ಬಿಡಲಿಲ್ಲ. "ಸಾರ್, ಸುಳ್ಳು ಹೇಳಿದವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಸುಮ್ಮನಿದ್ದವರ ಮೇಲೆ ಇದೆ" ಎಂದು ಅವರು ನಮ್ಮೊಡನೆ ಹೇಳಿದರು. ಗೋಷ್ಠಿಯ ಮೌನವೂ ಒಂದು ಸಲಹೆಯೇ ಎಂಬುದನ್ನು ನಾವು ಮರೆಯಬಾರದು.

ಇಂತಹ ಸಂದರ್ಭದಲ್ಲಿ ಗೋಷ್ಠಿಯು ಹೇಳಿಕೊಡಬೇಕಾದ ಶಾಸನದ ಮಾತುಗಳು ಕೆಲವಿವೆ. ೧೯೮೮ರ ಮೋಟಾರುವಾಹನ ಕಾಯಿದೆಯಂತೆ, ಬೇರೆ ರಾಜ್ಯದ ಗಾಡಿಯನ್ನು ೧೨ ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿಯ ಅಂಕವನ್ನು ಪಡೆಯಬೇಕು. ಹಿಂದಿನ ನೋಂದಣಿ ಅಧಿಕಾರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನು ತರಬೇಕು. ಕೊಂಡವನು ೩೦ ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕು. ಗಾಡಿಯು ಸಾಲಕ್ಕೆ ಒತ್ತೆಯಾಗಿದ್ದರೆ ನೋಂದಣಿ ಪತ್ರದಲ್ಲಿಯೇ ಆ ವಿಷಯ ಬರೆದಿರುತ್ತದೆ. ಸಾಲ ಕೊಟ್ಟವನ ಒಪ್ಪಿಗೆಯಿಲ್ಲದೆ ಒಡೆತನವು ವರ್ಗವಾಗುವುದಿಲ್ಲ. ಬಣ್ಣವನ್ನೂ ಮೆತ್ತೆಯನ್ನೂ ನೋಡುವ ಮೊದಲು ಈ ಕಾಗದಗಳನ್ನು ನೋಡುವವನಿಗೆ ಅರ್ಧ ಅಪಾಯವು ಕಳೆದಂತೆಯೇ ಸರಿ. ಇನ್ನು ಗೋಷ್ಠಿಯಲ್ಲಿ ಗಾಡಿಯ ವ್ಯಾಪಾರಿಯೂ ಇರಬಹುದು, ಅದರಲ್ಲಿ ದೋಷವಿಲ್ಲ. ಆದರೆ ಆತನು ತಾನು ವ್ಯಾಪಾರಿಯೆಂದು ಮೊದಲೇ ಹೇಳಿ ಮಾತಾಡಬೇಕು. ಮಿತ್ರನ ವೇಷದಲ್ಲಿ ಬಂದ ವರ್ತಕನಿಂದ ಆಗುವಷ್ಟು ಹಾನಿ ಕಳ್ಳನಿಂದಲೂ ಆಗದು.

ಎರಡನೆಯದು ಕಾಲಿನ ಕಟ್ಟು. ಅಂದರೆ ವೇಗದಲ್ಲಿ ಮಿತಿ. ಬೀದರಿನಿಂದ ಭಾಲ್ಕಿಗೂ ಔರಾದಿಗೂ ಸುಮಾರು ೪೦ ಕಿಲೋಮೀಟರುಗಳ ದಾರಿ. ಇದನ್ನು ಇಷ್ಟೇ ನಿಮಿಷಗಳಲ್ಲಿ ಮುಗಿಸಿದೆನೆಂದು ಹೇಳಿಕೊಳ್ಳುವ ತರುಣನನ್ನು ಗೋಷ್ಠಿಯು ಮೆಚ್ಚಿದರೆ, ಮುಂದಿನ ವಾರ ಮತ್ತೊಬ್ಬನು ಅದಕ್ಕಿಂತ ಕಡಮೆ ನಿಮಿಷಗಳಲ್ಲಿ ಮುಗಿಸಲು ಹೊರಡುತ್ತಾನೆ. ವೇಗವು ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಗಾಡಿಯು ಓಡುವ ದೂರವು ನಾಲ್ಮಡಿಯಾಗುತ್ತದೆ. ಇದು ಗಣಿತ, ಇದಕ್ಕೆ ದಾಕ್ಷಿಣ್ಯವಿಲ್ಲ. ಬೀದರ ನಗರವು ನಿಂತಿರುವುದು ಕೆಮ್ಮಣ್ಣಿನ ದಿಣ್ಣೆಯ ಮೇಲೆ. ಅಲ್ಲಿಂದ ಇಳಿದು ಔರಾದಿನ ಕಡೆಗೆ ಹೋದರೆ ಎರೆಭೂಮಿ. ಅದು ಮಳೆಯಲ್ಲಿ ಉಬ್ಬಿ ಬಿಸಿಲಲ್ಲಿ ಬಿರಿಯುವುದರಿಂದ ರಸ್ತೆಯ ಅಂಚು ಕುಸಿಯುವುದುಂಟು. ಸುಗ್ಗಿಯಲ್ಲಿ ತೊಗರಿ, ಸೋಯಾಬೀನಿನ ರಾಶಿಗಳು ರಸ್ತೆಯ ಮೇಲೆಯೇ ಬಿದ್ದಿರುತ್ತವೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯಲ್ಲಿ ಎದುರಾಗುತ್ತವೆ. ಯಾವ ತಿರುವಿನಲ್ಲಿ ಯಾವ ಅಪಾಯವಿದೆಯೆಂಬುದನ್ನು ಒಬ್ಬರು ಕಂಡು ಹತ್ತು ಜನಕ್ಕೆ ತಿಳಿಸುವುದೇ ಗೋಷ್ಠಿಯ ನಿಜವಾದ ಶೌರ್ಯ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಓಡುವವನಿಗೆ ಮೊದಲ ಸಲ ೩ ತಿಂಗಳವರೆಗೆ ಸೆರೆಮನೆ, ಅಥವಾ ೫,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದೆಂದು ೨೦೧೯ರ ತಿದ್ದುಪಡಿಯು ಹೇಳುತ್ತದೆ. ಅದೇ ತಿದ್ದುಪಡಿಯು, ಅಪಘಾತದಲ್ಲಿ ಬಿದ್ದವನಿಗೆ ಸದ್ಭಾವದಿಂದ ನೆರವಾದವನ ಮೇಲೆ ದಾವೆ ಹೂಡಕೂಡದೆಂದೂ ವಿಧಿಸಿದೆ. ಮೊದಲನೆಯದನ್ನು ಅರಿತವರು ಅನೇಕರು. ಎರಡನೆಯದನ್ನು ಅರಿಯದೆ ಗಾಯಾಳುವನ್ನು ನೋಡಿಯೂ ನಿಲ್ಲದೆ ಹೋಗುವವರೂ ಅನೇಕರು. ಗೋಷ್ಠಿಯು ಎರಡನ್ನೂ ಕೂಡಿಯೇ ಕಲಿಸಬೇಕು.

ಮೂರನೆಯದು ಕೈಯ ಕಟ್ಟು. ಗಾಡಿಯು ಕೈಗೆ ಬಂದೊಡನೆ ಅದನ್ನು ಕತ್ತರಿಸಿ, ಕೂಡಿಸಿ, ಕಿವಿ ಬಿರಿಯುವಂತೆ ಗುಡುಗಿಸುವ ಹುಚ್ಚು ಕೆಲವರಿಗಿದೆ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಕಾಯಿದೆಯ ೫೨ನೆಯ ಪ್ರಕರಣವಿದೆ. ಆದರೆ ಶಾಸನಕ್ಕಿಂತ ಮೇಲಾದ ಕಾರಣವೊಂದುಂಟು: ಹಳೆಯ ವಸ್ತುವನ್ನು ಅದರ ರೂಪದಲ್ಲಿಯೇ ಉಳಿಸುವುದು ವಿದ್ಯೆ. ೫೦ ವರ್ಷ ಮೀರಿದ, ಮೂಲರೂಪವು ಕೆಡದ ಗಾಡಿಗಳಿಗೆ ವಿಎ ಎಂಬ ವಿಶೇಷ ಗುರುತಿನ ನೋಂದಣಿಯನ್ನು ೨೦೨೧ರಲ್ಲಿ ಕೇಂದ್ರ ಸರಕಾರವು ಏರ್ಪಡಿಸಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಹಳೆಯ ಗಾಡಿಗಳನ್ನು ಸಂಗ್ರಹಿಸುತ್ತ ಬಂದಿದ್ದಾರೆ. ಶ್ರೀರಂಗಪಟ್ಟಣದ ಬಳಿ ೨೦೨೩ರಲ್ಲಿ ತೆರೆದ 'ಪಯಣ' ವಸ್ತುಸಂಗ್ರಹಾಲಯದಲ್ಲಿ ಅವು ಸಾಲಾಗಿ ನಿಂತಿವೆ. ೨೦೧೪ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಗಾಡಿಯು ನಮ್ಮ ಕಡೆಯ ಯಾವುದಾದರೂ ವಾಡೆಯ ಮೂಲೆಯಲ್ಲಿ ಇದ್ದರೆ, ಅದನ್ನು ಗುಜರಿಗೆ ಹಾಕುವ ಮೊದಲು ಮನೆಯವರು ಒಮ್ಮೆ ಯೋಚಿಸಲಿ. ಅದರ ಎಂಜಿನನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಮುದುಕ ಮಿಸ್ತ್ರಿಗಳು ಬೀದರಿನ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ. ಉರ್ದು, ಕನ್ನಡ, ಮರಾಠಿ ಮೂರನ್ನೂ ಬೆರೆಸಿ ಅವರು ಹೇಳುವ ಪಾಠವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅವರನ್ನು ಹೊರಗೆ ನಿಲ್ಲಿಸಿ ಹಣವುಳ್ಳವರು ಮಾತ್ರ ಕೂಡಿದ ಗೋಷ್ಠಿಯು ಗುರುವಿಲ್ಲದ ಪಾಠಶಾಲೆಯಂತೆ ಆಗುತ್ತದೆ.

ಇನ್ನು ಗೋಷ್ಠಿಯನ್ನು ನಡೆಸುವವನ ವಿಷಯ. ನಾವು ತರಗತಿಯಲ್ಲಿ ಕಳೆದ ವರ್ಷಗಳಲ್ಲಿ ಕಂಡುಕೊಂಡದ್ದೇನೆಂದರೆ, ಬಾಯಿ ಮಾಡುವ ಇಬ್ಬರನ್ನು ತಡೆಯದಿದ್ದರೆ ಸುಮ್ಮನಿರುವ ಮೂವತ್ತು ಜನರು ಏನನ್ನೂ ಕೇಳುವುದಿಲ್ಲ. ಇಲ್ಲಿಯೂ ಹಾಗೆಯೇ. ಹೊಸಬನು ನೂರು ಸಲ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರೆ ನಗಬಾರದು. ಅವನಿಗೆ ಅದು ಮೊದಲ ಸಲ. ಹೆಣ್ಣುಮಕ್ಕಳು ಬಂದು ಕೇಳಿದರೆ ಅವರ ಅಣ್ಣನಿಗೋ ಗಂಡನಿಗೋ ಉತ್ತರ ಹೇಳದೆ ಅವರಿಗೇ ಹೇಳಬೇಕು. ಇಂದು ಎಷ್ಟೋ ಮನೆಗಳಲ್ಲಿ ಸಾರಥ್ಯ ಅವರದೇ. ಚಂದಾಹಣವೆಷ್ಟು, ಖರ್ಚೆಷ್ಟು ಎಂಬ ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕು. ನಿಯಮವನ್ನು ಮುರಿದವನು ತನ್ನ ಆಪ್ತಮಿತ್ರನೇ ಆದರೂ ಮೊದಲು ಏಕಾಂತದಲ್ಲಿ, ಆಮೇಲೆ ಸಭೆಯಲ್ಲಿ ತಿಳಿಹೇಳಬೇಕು. ಮೂರನೆಯ ಸಲ ಬೀಳ್ಕೊಡಬೇಕು. ಇದು ಕಷ್ಟದ ಕೆಲಸ. ಇದಕ್ಕೆ ಸಂಬಳವಿಲ್ಲ, ನಿಷ್ಠುರವುಂಟು. ಆದರೂ ಮೋಟಾರಿನ ಎಲ್ಲ ಭಾಗಗಳಲ್ಲಿ ಬ್ರೇಕಿಗೆ ಯಾವ ಸ್ಥಾನವೋ ಗೋಷ್ಠಿಯಲ್ಲಿ ಇಂತಹವನಿಗೆ ಅದೇ ಸ್ಥಾನ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮಗನೋ ಮಗಳೋ ಇಂತಹ ಗೋಷ್ಠಿಗೆ ಹೋಗುತ್ತಿದ್ದರೆ ತಡೆಯಬೇಡಿರಿ. ಯಂತ್ರವನ್ನು ಪ್ರೀತಿಸುವ ಮನಸ್ಸು ಅದನ್ನು ಅರಿಯಲೂ ಯತ್ನಿಸುತ್ತದೆ. ಆದರೆ ಅವರು ಮನೆಗೆ ಹಿಂತಿರುಗಿದಾಗ, ಈ ಹೊತ್ತು ಅಲ್ಲಿ ಯಾರನ್ನು ಹೊಗಳಿದರು ಎಂದು ಒಂದು ಪ್ರಶ್ನೆಯನ್ನು ಕೇಳಿರಿ. ಬೇಗ ಮುಟ್ಟಿದವನನ್ನು ಹೊಗಳಿದರೆಂದು ಉತ್ತರ ಬಂದರೆ ಸ್ವಲ್ಪ ಎಚ್ಚರವಾಗಿರಿ. ದಾರಿಯಲ್ಲಿ ಕೆಟ್ಟುನಿಂತವರಿಗಾಗಿ ತಡಮಾಡಿ ಮುಟ್ಟಿದವನನ್ನು ಹೊಗಳಿದರೆಂದು ಉತ್ತರ ಬಂದರೆ ಗಾಡಿಯ ಕೀಲಿಕೈಯನ್ನು ಅವರ ಕೈಗೆ ಸಂತೋಷದಿಂದ ಕೊಡಬಹುದು.