ಕಡಲಿಂದ ಪರ್ಕಳದವರೆಗೆ

ಏಪ್ರಿಲ್ ಕೊನೆಯ ಹೊತ್ತಿಗೆ ಉಡುಪಿಯಲ್ಲಿ ಬೆಳಗಿನ ಆರಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಪಡುಗಾಳಿಯಲ್ಲಿ ಮಲ್ಪೆ ಬಂದರಿನ ಮೀನಿನ ವಾಸನೆ ತೆಳ್ಳಗೆ ಬೆರೆತಿರುತ್ತದೆ. ರಥಬೀದಿ ಹತ್ತಿರವಾದಂತೆ ಮಲ್ಲಿಗೆ ಅಟ್ಟೆಗಳ ಘಮ ಅದನ್ನು ಮುಚ್ಚಿಬಿಡುತ್ತದೆ. ಕಲ್ಸಂಕದ ಕಡೆಯಿಂದ ಹಿಡಿಸೂಡಿಯ ಸರ್ ಸರ್ ಸದ್ದು. ಪೌರಕಾರ್ಮಿಕ ಹೆಂಗಸರು ರಸ್ತೆಯ ಎರಡೂ ಅಂಚಿನಿಂದ ಗುಡಿಸುತ್ತ ಬಂದು, ತರಗೆಲೆ, ಬಸ್ ಟಿಕೆಟಿನ ಚೂರು, ಎಳನೀರಿನ ಸ್ಟ್ರಾಗಳನ್ನು ಸಣ್ಣ ಸಣ್ಣ ರಾಶಿ ಮಾಡಿ ಮುಂದಕ್ಕೆ ಹೋಗುತ್ತಾರೆ. ಬೆನ್ನ ಹಿಂದೆಯೇ ಗಾಡಿ ಬರುತ್ತದೆ. ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ. ಬೇರೆ ಮಾಡದೆ ಕಟ್ಟಿಟ್ಟ ಚೀಲ ಸಿಕ್ಕರೆ ಅದನ್ನು ಬಿಚ್ಚಿ ಬೇರೆ ಮಾಡಬೇಕಾದ ಕೈಗಳೂ ಇವರವೇ. ಇಲ್ಲಿಂದ ಗಾಡಿ ಅಲೆವೂರಿನ ಕರ್ವಾಲು ಕಸ ವಿಲೇವಾರಿ ಘಟಕಕ್ಕೆ ಹೊರಡುವ ಹೊತ್ತಿಗೆ ಹೋಟೆಲುಗಳಲ್ಲಿ ಮೊದಲ ಇಡ್ಲಿ ಅಟ್ಟ ಇಳಿದಿರುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಕೆಲಸ ನೆಲದಡಿಯಲ್ಲಿ ಸಾಗಿರುತ್ತದೆ. ಹಿರಿಯಡ್ಕದ ಹತ್ತಿರ ಬಜೆ ಎಂಬಲ್ಲಿ ಸ್ವರ್ಣಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ನೀರು ಶುದ್ಧವಾಗಿ, ಟ್ಯಾಂಕಿ ಹತ್ತಿ, ಮತ್ತೆ ಕೊಳವೆಗೆ ಇಳಿದು ಬರುತ್ತಿರುತ್ತದೆ. ವಾಲ್ವ್ ಬಿಡುವವನು ಸೈಕಲ್ ಒರಗಿಸಿ, ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಕೀಲಿಯನ್ನು ಎರಡೂ ಕೈಯಿಂದ ತಿರುಗಿಸುತ್ತಾನೆ. ಅಂಗಳದ ನಲ್ಲಿ ಮೊದಲು ಬರೀ ಗಾಳಿ ಉಗುಳುತ್ತದೆ, ಆಮೇಲೆ ಕೆಮ್ಮಿದ ಹಾಗೆ ನಾಲ್ಕು ಹನಿ, ಆಮೇಲೆ ಧಾರೆ. ಕೊಡ ಹಿಡಿದು ನಿಂತ ಮನೆಯಾಕೆಗೆ ಇವತ್ತು ಎಷ್ಟು ಹೊತ್ತು ಬರುತ್ತದೆ ಎಂಬುದು ಆ ಧಾರೆಯ ದಪ್ಪದಿಂದಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿನ ಪತ್ರಿಕೆಗಳು ಬಜೆಯ ನೀರಿನ ಮಟ್ಟವನ್ನು ಮೀಟರಿನ ಲೆಕ್ಕದಲ್ಲಿ ಅಚ್ಚು ಹಾಕುತ್ತವೆ. ಜನ ಅದನ್ನು ಕ್ರಿಕೆಟ್ ಸ್ಕೋರಿಗಿಂತ ಮೊದಲು ನೋಡುತ್ತಾರೆ. 2019ರ ಮೇ ತಿಂಗಳಲ್ಲಿ ಆ ಮಟ್ಟ ತಳ ಮುಟ್ಟಿತ್ತು. ನದಿಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಿಂದ ಎತ್ತಿ ಬಜೆಗೆ ಹಾಯಿಸಿ, ವಾರ್ಡುಗಳಿಗೆ ಸರದಿಯ ಮೇಲೆ ಹಂಚಿದ ದಿನಗಳವು. ವಾರಾಹಿಯ ನೀರನ್ನು ಇಲ್ಲಿಗೆ ತರುವ ದೊಡ್ಡ ಕೊಳವೆಯ ಯೋಜನೆಗೆ ಊರು ಅಷ್ಟು ಆಸೆಯಿಂದ ಕಾದದ್ದು ಅದಕ್ಕೇ.

ಹತ್ತೂವರೆಗೆ ನಗರಸಭೆಯ ಮೆಟ್ಟಿಲು ಹತ್ತೋಣ, ಬನ್ನಿ. ಕೆಳಗಿನ ಕೌಂಟರುಗಳ ಎದುರು ಆಗಲೇ ಸಾಲು. ಏಪ್ರಿಲಿನಲ್ಲಿ ಮನೆ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಉಂಟಲ್ಲ, ಅದರ ಸಾಲು ಇದು. ಹಳೆಯ ರಶೀದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಸುತ್ತಿ ತಂದ ಅಜ್ಜನೊಬ್ಬ, ಕನ್ನಡಕ ಹಣೆಗೇರಿಸಿ, ಲೆಕ್ಕದ ಸಾಲುಗಳನ್ನು ಬೆರಳಿಟ್ಟು ಓದುತ್ತಾನೆ. ತೆರಿಗೆಯ ಕೆಳಗೆ ಸೆಸ್ಸುಗಳು: ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಊರಿನ ಪ್ರತಿ ಮನೆಯೂ ಒಂದು ಓದುಕೋಣೆಗೆ, ದಿಕ್ಕಿಲ್ಲದವರ ಒಂದು ಊಟಕ್ಕೆ ವರ್ಷವರ್ಷ ಪಾಲು ಕೊಡುತ್ತಿದೆ ಎಂಬುದು ಆ ಸಣ್ಣ ಅಕ್ಷರದಲ್ಲಿದೆ. ನನಗಂತೂ ಅದನ್ನು ಓದುವಾಗಲೆಲ್ಲ ಊರಿನ ಮೇಲೆ ಪ್ರೀತಿ ಹೆಚ್ಚುತ್ತದೆ. ಪಕ್ಕದ ಕಿಟಕಿಯಲ್ಲಿ ಖಾತೆ ಬದಲಾವಣೆ, ಅದರಾಚೆ ಜನನ ಪತ್ರ, ಉದ್ದಿಮೆ ಪರವಾನಿಗೆ. ಹೊಸ ಫ್ಯಾನ್ಸಿ ಅಂಗಡಿ ಇಡುವ ಹುಡುಗಿ, ಮಗುವಿನ ಹೆಸರು ಸೇರಿಸಲು ಬಂದ ತಂದೆ, ಬಾಗಿಲ ನಂಬ್ರ ಕೇಳಲು ಬಂದ ಮೇಸ್ತ್ರಿ, ಎಲ್ಲರೂ ಒಂದೇ ಫ್ಯಾನಿನ ಅಡಿಯಲ್ಲಿ.

ಮೇಲೆ ಸಭಾಂಗಣದಲ್ಲಿ ಸಾಮಾನ್ಯ ಸಭೆ. ಮೇಜಿನ ಮೇಲೆ ದಪ್ಪ ಕಾರ್ಯಸೂಚಿ, ಮೈಕಿನ ಕೀರಲು, ಸ್ಟೀಲ್ ತಟ್ಟೆಯಲ್ಲಿ ಬಂದ ಚಹಾ. ಎದುರಿನ ಎತ್ತರದಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಪೌರಾಯುಕ್ತರು, ಒಂದು ಬದಿಗೆ ಫೈಲು ಹಿಡಿದ ಇಂಜಿನಿಯರರು, ಆರೋಗ್ಯ ನಿರೀಕ್ಷಕರು. ಕೆಳಗೆ ಸಾಲಾಗಿ ಸದಸ್ಯರು. ಹೆಸರಿನ ಫಲಕಗಳನ್ನು ನೋಡುತ್ತ ಹೋದರೆ ಊರೇ ಕಣ್ಣೆದುರು ನಡೆದುಬರುತ್ತದೆ: ಕಡಲ ಬದಿಯ ಕೊಳ, ವಡಭಾಂಡೇಶ್ವರ, ಕಲ್ಮಾಡಿ, ನಡುವೆ ಬನ್ನಂಜೆ, ತೆಂಕಪೇಟೆ, ಒಳಕಾಡು, ಕಡಿಯಾಳಿ, ಗುಡ್ಡ ಹತ್ತಿದರೆ ಇಂದ್ರಾಳಿ, ಮಣಿಪಾಲ, ಪರ್ಕಳ. ಒಟ್ಟು 35 ವಾರ್ಡು. 1935ರಲ್ಲಿ ಪುರಸಭೆಯಾಗಿದ್ದ ಊರು 1995ರಲ್ಲಿ ಮಲ್ಪೆ, ಮಣಿಪಾಲಗಳ ಕಡೆಗೂ ತೋಳು ಚಾಚಿ ನಗರಸಭೆಯಾಯಿತು. ಶಾಸಕರು, ಸಂಸದರೂ ಇಲ್ಲಿ ಸದಸ್ಯರೇ, ಅವರಿಗೆ ಮತವೂ ಉಂಟು. ಸರ್ಕಾರ ನೇಮಿಸಿದ ಐವರು ಮಾತಾಡಬಹುದು, ಮತ ಹಾಕುವಂತಿಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು; ನೀರಿನ ಮಾತು ಬಂದಾಗ ಆ ಮೀಸಲಿನ ಬೆಲೆ ಗೊತ್ತಾಗುತ್ತದೆ. ಗುಡ್ಡದ ವಾರ್ಡಿನ ಸದಸ್ಯೆ ಎದ್ದು ನಿಂತರೆ ಭಾಷಣ ಮಾಡುವುದಿಲ್ಲ, ಗಂಟೆ ಹೇಳುತ್ತಾರೆ. "ಎರಡು ದಿನಕ್ಕೊಮ್ಮೆ ಬಿಟ್ಟರೂ ಅಡ್ಡಿಯಿಲ್ಲ ಸರ್, ಇಂಥ ಹೊತ್ತಿಗೆ ಅಂತ ಒಂದು ಹೇಳಿ. ಕೆಲಸಕ್ಕೆ ಹೋಗುವ ಹೆಂಗಸರು ನಲ್ಲಿ ಕಾಯ್ತಾ ಕೂತರೆ ಅವರ ಸಂಬಳ ಯಾರು ಕೊಡುದು?" ಇಂಜಿನಿಯರರು ನಕ್ಷೆ ಬಿಚ್ಚುತ್ತಾರೆ. ಮಾತು ಕನ್ನಡದಿಂದ ತುಳುವಿಗೆ ಜಾರುತ್ತದೆ, ಸಿಟ್ಟು ಬಂದಾಗ ತುಳುವಿಗೇ ಹೋಗುತ್ತದೆ, ನಡವಳಿ ಬರೆಯುವ ಗುಮಾಸ್ತರ ಪೆನ್ನು ಮಾತ್ರ ಕನ್ನಡದಲ್ಲೇ ಓಡುತ್ತಿರುತ್ತದೆ.

ದಾರಿದೀಪ, ಬೀದಿನಾಯಿ, ಅಂಗಡಿ ಬಾಡಿಗೆಯ ಟೆಂಡರು. ಇವು ಬೇಗ ಬೇಗ ಮುಗಿಯುತ್ತವೆ. ತಡೆಯುವುದು ಇಂದ್ರಾಣಿ ತೋಡಿನ ವಿಷಯ. ಊರ ನಡುವಿನಿಂದ ಕಡಲ ಕಡೆಗೆ ಹರಿಯುವ ಈ ತೋಡು ಕೊಳಚೆ ಸೇರಿ ಕಪ್ಪಾಗಿದೆ, ಬದಿಯ ಬಾವಿಗಳ ನೀರು ಕೆಟ್ಟಿದೆ. ನಿಟ್ಟೂರಿನ ಶುದ್ಧೀಕರಣ ಘಟಕ, ಒಳಚರಂಡಿಯ ಹೊಸ ಕೊಳವೆ, ಅದಕ್ಕೆ ಬೇಕಾದ ಹಣ ಎಂದು ಚರ್ಚೆ ಸುತ್ತುತ್ತದೆ. ಇದೇ ಊರು ಒಂದು ಕಾಲದಲ್ಲಿ ದೇಶಕ್ಕೆ ದಾರಿ ತೋರಿಸಿತ್ತು ಎಂಬುದು ಈಗ ನೆನಪಾಗಬೇಕು. 1968ರಲ್ಲಿ ವೈದ್ಯ ವಿ.ಎಸ್. ಆಚಾರ್ಯರು ಪುರಸಭೆಯ ಅಧ್ಯಕ್ಷರಾದರು. ಆ ಕಾಲದಲ್ಲಿ ಮಲ ಹೊರುವ ಪದ್ಧತಿಗೆ ಉಡುಪಿ ನಿಷೇಧ ಹಾಕಿತು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ದಿಲ್ಲಿಗೆ ಹೊಳೆಯುವುದಕ್ಕಿಂತ ಅಷ್ಟು ವರ್ಷ ಮೊದಲೇ, ಮನುಷ್ಯನ ತಲೆಯ ಮೇಲಿಂದ ಆ ಬಕೇಟು ಇಳಿಯಬೇಕು ಎಂದು ಒಂದು ಸಣ್ಣ ಪುರಸಭೆಗೆ ಹೊಳೆದದ್ದು ಅದು ಆ ತಲೆಗೆ ಹತ್ತಿರವಿದ್ದ ಕಾರಣಕ್ಕೆ. ಹತ್ತಿರವಿರುವುದೇ ಈ ಸಭೆಯ ಬಲ. 1992ರ 74ನೆಯ ತಿದ್ದುಪಡಿ ಸಂವಿಧಾನದಲ್ಲಿ ಜಾಗ ಕೊಟ್ಟದ್ದೂ ಈ ಹತ್ತಿರಕ್ಕೇ.

ಆ ಬಲ ಕೈತಪ್ಪಿದ ಕಾಲವೂ ಉಂಟು. 2018ರ ಆಗಸ್ಟ್ 31ರಂದು ಚುನಾವಣೆ ನಡೆಯಿತು, ಸದಸ್ಯರು ಗೆದ್ದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ತಕರಾರು ಕೋರ್ಟಿಗೆ ಹೋಗಿ, ರಾಜ್ಯದ ಬೇರೆ ಊರುಗಳ ಹಾಗೆ ಇಲ್ಲಿಯೂ ಕುರ್ಚಿ ಎರಡು ವರ್ಷ ಖಾಲಿ ಉಳಿಯಿತು. ಆಡಳಿತಾಧಿಕಾರಿಯ ಸಹಿಯಲ್ಲಿ ಊರು ನಡೆಯಿತು. 2020ರ ಸೆಪ್ಟೆಂಬರ್ 20ರ ಬೆಳಗಾಗುವುದರೊಳಗೆ ನೆರೆ ಏರಿ, ಕಲ್ಸಂಕ, ಬನ್ನಂಜೆಯ ಮನೆಗಳಿಗೆ ನೀರು ನುಗ್ಗಿದಾಗಲೂ ಆ ಕುರ್ಚಿ ಖಾಲಿಯೇ ಇತ್ತು. ವಾರ್ಡಿನ ಸದಸ್ಯರನ್ನು ಜನ ಕರೆದರು, ಅವರು ಮೊಣಕಾಲು ನೀರಿನಲ್ಲಿ ಬಂದರು. ಆದರೆ ಅವರೆಲ್ಲ ಕೂತು ಒಂದು ನಿರ್ಣಯ ಮಾಡುವ ಸಭೆ ಮಾತ್ರ ಇರಲಿಲ್ಲ. ಅಧಿಕಾರಿಗಳು ದುಡಿದಿಲ್ಲವೆಂದಲ್ಲ. ಬೇರೆ ಊರಿಗೆ ವರ್ಗವಾಗಿ ಹೋಗುವವರ ಸಹಿಗೂ, ನಾಳೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾದವರ ಮಾತಿಗೂ ವ್ಯತ್ಯಾಸ ಉಂಟು. ಅದನ್ನು ಊರು ಎರಡು ವರ್ಷ ಅನುಭವಿಸಿತು. ಇಂಥ ಖಾಲಿತನ ಯಾವ ಪಕ್ಷದ ಕಾಲದಲ್ಲೂ ಬರಬಾರದು.

ಮಧ್ಯಾಹ್ನ ಒಂದೂವರೆ. ಮಳೆಗಾಲಕ್ಕೆ ಮೊದಲು ಚರಂಡಿ, ತೋಡುಗಳ ಹೂಳು ತೆಗೆಯುವ ವಿಷಯಕ್ಕೆ ಎಲ್ಲರೂ ಒಪ್ಪುತ್ತಾರೆ, ಯಾವ ವಾರ್ಡಿನಿಂದ ಶುರು ಎನ್ನುವುದಕ್ಕೆ ಮತ್ತೆ ಗದ್ದಲ. ತಗ್ಗಿನ ವಾರ್ಡುಗಳು ಮೊದಲು ಎಂದು ತೀರ್ಮಾನವಾಗಿ ಸಭೆ ಏಳುತ್ತದೆ. ಕುರ್ಚಿ ಸರಿಯುವ ಸದ್ದು, ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಗೇಟಿನ ಹತ್ತಿರ ಸ್ಕೂಟರಿಗೆ ಕೀಲಿ ಹಾಕುವಷ್ಟರಲ್ಲಿ ಆ ಗುಡ್ಡದ ವಾರ್ಡಿನ ಸದಸ್ಯೆಯನ್ನು ಒಬ್ಬರು ಹಿಡಿದು ನಿಲ್ಲಿಸುತ್ತಾರೆ.

"ಅಕ್ಕ, ನಮ್ಮ ತಿರುವಿನ ದೀಪದ್ದು ಏನಾಯ್ತು ಮಾರಾಯ್ರೆ?"

"ಕಂಬದ ನಂಬ್ರ ಬರ್ಕೊಂಡು ಬಂದಿದ್ದೀರಾ? ಅದಿಲ್ಲದೆ ಯಾವ ಕಂಬಕ್ಕೆ ಹತ್ತಿಸ್ಲಿ ಹೇಳಿ?"