ಯಂತ್ರ ಬಂದರೆ ಲ್ಯಾಬ್ ಆಯಿತೇ?

ತಿರುವನಂತಪುರದ ಪಟ್ಟಂನಲ್ಲಿ ಶಾಸ್ತ್ರ ಭವನವಿದೆ. ಕೇರಳ ರಾಜ್ಯ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಪರಿಷತ್ತಿನ ಕಚೇರಿ ಅದು. ಸಂಶೋಧನಾ ಲ್ಯಾಬುಗಳಿಗೆ ಉಪಕರಣ ಕೊಳ್ಳಲು ಇಲ್ಲಿಂದಲೂ ನೆರವು ಹೋಗುತ್ತದೆ.

ಗಿಡದ ಚೂರಿನಿಂದ ಬಾಟಲಿಯಲ್ಲಿ ಹೊಸ ಗಿಡ ಬೆಳೆಸುವ ಸಸ್ಯ ಅಂಗಾಂಶ ಕೃಷಿಯ ಲ್ಯಾಬನ್ನೇ ನೋಡಿ. ಕ್ರಿಮಿಗಳು ಸಾಯಲೆಂದು ಪೋಷಕಾಂಶದ ಬಾಟಲಿಗಳನ್ನು ಒತ್ತಡದ ಹಬೆಯ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕಾಯಿಸಬೇಕು. ಲ್ಯಾಮಿನಾರ್ ಫ್ಲೋ ಕ್ಯಾಬಿನೆಟ್‌ನ ಸೋಸಿದ ಗಾಳಿಯಲ್ಲಿ ಕುಡಿ ಕತ್ತರಿಸಿ ನೆಡಬೇಕು. ಆಮೇಲೆ ಸುಮಾರು 25 ಡಿಗ್ರಿಯ ಕೋಣೆ, ಸಾಮಾನ್ಯವಾಗಿ ದಿನಕ್ಕೆ 16 ಗಂಟೆ ಬೆಳಕು. ಶಿಲೀಂಧ್ರದ ಒಂದೇ ಬೀಜಕಣ ಒಳಹೊಕ್ಕರೂ ಸಾಕು, ಬಾಟಲಿ ತುಂಬ ಬೂಷ್ಟು!

ಹಾಗಾಗಿ ದುಡ್ಡು ಯಂತ್ರಕ್ಕಷ್ಟೇ ಸಾಲದು. ಎಸಿ, ಜನರೇಟರ್, ದುರಸ್ತಿ, ನುರಿತ ತಂತ್ರಜ್ಞರಿಗೂ ಬೇಕು.

ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳೇ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಸ್ಯವಿಜ್ಞಾನ ವಿಭಾಗವಿದೆ. ಆದರೆ ಕೈ ನುರಿಯುವುದು ಮಾಡಿ ಕಲಿತಾಗಲೇ. ಎಲ್ಲೇ ಸೇರಿ, ಕುಡಿ ನೆಡುವ ಕೆಲಸ ನಿಮ್ಮ ಕೈಗೇ ಕೊಡುತ್ತಾರಾ ಎಂದು ಮೊದಲು ಕೇಳಿ.